ಕೌದಿ ಅಂಗಡಿಯ ಪಾಲು

ನಮ್ಮ ಊರಿನ ಪೇಟೆಯಲ್ಲಿ ಅಂಗಡಿಗಳು ಜನರ ಮಾತು ಕೇಳುತ್ತವೆ. ನಾಲ್ಕು ಮಂದಿ ಸೇರಿ ಒಂದು ಅಂಗಡಿಯನ್ನು ಹೊಗಳಿದರೆ ಬೆಳಗಾಗುವಷ್ಟರಲ್ಲಿ ಅದು ಗೇಣುದ್ದ ಮೇಲೆದ್ದಿರುತ್ತದೆ. ಮೂಗು ಮುರಿದರೆ ಅಷ್ಟೇ ಕೆಳಗೆ ಇಳಿದಿರುತ್ತದೆ. ಅದಕ್ಕೇ ಇಲ್ಲಿನ ವ್ಯಾಪಾರಿಗಳು ಬೆಳಿಗ್ಗೆ ಬಾಗಿಲು ತೆರೆದವರೇ ಹೊರಗೆ ಹೆಜ್ಜೆ ಇಡುವುದಿಲ್ಲ; ಮೊದಲು ಒಂದು ಕಾಲು ಚಾಚಿ ರಸ್ತೆ ಎಲ್ಲಿದೆ ಎಂದು ತಡವಿ ನೋಡುತ್ತಾರೆ. ಅಂಗಡಿ ಎದ್ದಿದ್ದರೆ ಮೆಟ್ಟಿಲಿಗೆ ಇನ್ನೊಂದು ಕಲ್ಲು ಬೇಕು, ಇಳಿದಿದ್ದರೆ ಒಳಗಿನಿಂದ ಏಣಿ ಬೇಕು. ಗೌಂಡಿಗಳಿಗೆ ಯಾವ ಕಾಲದಲ್ಲೂ ಕೆಲಸ ತಪ್ಪಿದ್ದಿಲ್ಲ. ಹೆಣ್ಣು ಕೇಳಲು ಬಂದವರು ಹುಡುಗನದು ಕಿರಾಣಿ ಅಂಗಡಿ, ಎದೆಮಟ್ಟ ಇದೆ ಎಂದರೆ ಸಾಕು, ಹೆಚ್ಚಿನ ವಿಚಾರಣೆ ಇಲ್ಲದೆ ಸಕ್ಕರೆ ಹಂಚುತ್ತಾರೆ.

ಬಾಗಿಲಿನ ಮೇಲ್ಚೌಕಟ್ಟು ರಸ್ತೆಯ ಸಮಕ್ಕೆ ಬಂತೆಂದರೆ ಅಂಗಡಿ ಮುಗಿದಂತೆ. ಪಂಚರು ಬಂದು ಅದರ ಬಾಯಿಗೆ ಚಪ್ಪಡಿ ಎಳೆಸುತ್ತಾರೆ. ಮುಂದೆ ಒಂದೆರಡು ಮಳೆಗಾಲದಲ್ಲಿ ಮಾಳಿಗೆಯೂ ಇಳಿದು ರಸ್ತೆಯೇ ಆಗಿಬಿಡುತ್ತದೆ. ಪೇಟೆಯಲ್ಲಿ ನಡೆಯುವಾಗ ಅಲ್ಲಲ್ಲಿ ಕಾಲಡಿ ಟೊಳ್ಳು ಸದ್ದು ಬರುವುದು ಇದಕ್ಕೇ. ಅಂಥ ಕಡೆ ಚಿಕ್ಕ ಮಕ್ಕಳು ಕೂಡ ಕುಣಿಯುವುದಿಲ್ಲ.

ನಾನು ಕಸ್ತೂರಿ. ಅವ್ವ ತೀರಿಕೊಂಡ ವರ್ಷ ಏಳನೇ ಇಯತ್ತೆಗೆ ಶಾಲೆ ಬಿಟ್ಟೆ. ಅವ್ವನ ತಂಗಿ, ನನ್ನ ಚಿಗವ್ವ ಗುರುಬಸವ್ವ ನನ್ನನ್ನು ತನ್ನ ಕೌದಿ ಅಂಗಡಿಗೆ ಕರೆತಂದಳು. ಹಳೆಯ ಸೀರೆ, ಧೋತರಗಳನ್ನು ಪದರದ ಮೇಲೆ ಪದರವಿಟ್ಟು ಹೊದಿಕೆ ಹೊಲಿಯುವುದು ನಮ್ಮ ಕಸುಬು. ಶಾಲೆ ಬಿಟ್ಟದ್ದಕ್ಕೆ ನಾನು ಅಳಲಿಲ್ಲ. ವರ್ಗದಲ್ಲಿ ಎದ್ದು ನಿಂತು ಉತ್ತರ ಹೇಳುವುದೆಂದರೆ ನನಗೆ ಆಗಿಬರುತ್ತಿರಲಿಲ್ಲ. ಸೂಜಿ ದಾರದ ಜೊತೆ ಮಾತಾಡಬೇಕಾದ ಅಗತ್ಯವಿರಲಿಲ್ಲ.

ನಮ್ಮ ಅಂಗಡಿಯ ಹೊಸ್ತಿಲು ಯಾವತ್ತೋ ನೆಲದೊಳಗೆ ಹೋಗಿತ್ತು. ಬಾಗಿಲಿನ ಮೇಲರ್ಧ ಮಾತ್ರ ರಸ್ತೆಗೆ ಕಾಣುತ್ತಿತ್ತು. ಕೆಳಗೆ ಕೂತು ತಲೆ ಎತ್ತಿದರೆ ಹಾದುಹೋಗುವವರ ಕಾಲು ಕಾಣುತ್ತಿತ್ತೇ ಹೊರತು ಮುಖವಲ್ಲ. ಯಾರ ಹಿಮ್ಮಡಿ ಒಡೆದಿದೆ, ಯಾರು ಹೊಸ ಚಪ್ಪಲಿಯನ್ನು ತೋರಿಸಲಿಕ್ಕೆಂದೇ ನಿಧಾನ ನಡೆಯುತ್ತಾರೆ, ಯಾರು ಸಾಲ ಕೊಟ್ಟವನ ಅಂಗಡಿ ಬಂದಾಗ ಬೇಗ ಬೇಗ ಹೆಜ್ಜೆ ಹಾಕುತ್ತಾರೆ, ಎಲ್ಲ ನನಗೆ ಗೊತ್ತಿತ್ತು. ಅವರು ಯಾರಿಗೂ ನಾನು ಗೊತ್ತಿರಲಿಲ್ಲ.

ಹೀಗಿರುವಾಗ ಒಂದು ದಿನ ಚಿಗವ್ವ ಎಲ್ಲಿಂದಲೋ ಸುದ್ದಿ ಹಿಡಿದು ತಂದಳು. ಹೈಸ್ಕೂಲಿನಲ್ಲಿ ಗಣಿತ ಕಲಿಸುವ ದಾನಪ್ಪ ಮಾಸ್ತರರು ಮಕ್ಕಳಿಗೆ ಶೇರು ವ್ಯಾಪಾರದ ಆಟ ಹಚ್ಚಿದ್ದಾರೆ, ಊರಿನ ಅಂಗಡಿಗಳನ್ನೇ ಪಾಲು ಮಾಡಿ ಮಾರುತ್ತಿದ್ದಾರೆ ಎಂದು. "ನಮ್ಮ ಅಂಗಡೀನೂ ಮಾರಾಕತ್ತಾರಂತ. ಯಾರ್ನ ಕೇಳಿ ಮಾರ್ತಾರ ಅವ್ರು? ಹೋಗಿ ನೋಡ್ಕೊಂಡ್ ಬಾ" ಎಂದು ನನ್ನನ್ನು ಏಣಿ ಹತ್ತಿಸಿದಳು.

ಶನಿವಾರ ಮಧ್ಯಾಹ್ನ. ಶಾಲೆಯ ದೊಡ್ಡ ಕೋಣೆಯ ಬಾಗಿಲಲ್ಲಿ ನಾನು ಕಂಬಕ್ಕೆ ಅಂಟಿದಂತೆ ನಿಂತೆ. ಹಲಗೆಯ ಮೇಲೆ ಪೇಟೆಯ ಅಂಗಡಿಗಳ ಹೆಸರು, ಎದುರಿಗೆ ಆ ವಾರದ ಬೆಲೆ. ಬೆಲೆ ರೂಪಾಯಿಯಲ್ಲಲ್ಲ, ಹುಣಸೆ ಬೀಜದಲ್ಲಿ. ಮಾಸ್ತರರು ನನ್ನನ್ನು ಕಂಡು, ಇದು ಬಾಗಿಲಲ್ಲಿ ನಿಂತು ನೋಡುವ ಆಟವಲ್ಲ, ಬಂದವರೆಲ್ಲ ಆಡಬೇಕು ಎಂದು ಒಂದು ಬಟ್ಟೆಯ ಚೀಲ ಕೈಗೆ ಕೊಟ್ಟರು. ಎಲ್ಲರಿಗೂ ಕೊಟ್ಟಷ್ಟೇ ಬೀಜ ಅದರಲ್ಲಿದ್ದವು. ಶಾಲೆ ಬಿಟ್ಟವಳು ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅವರು ಹಲಗೆಯತ್ತ ತಿರುಗಿದ್ದರು.

ಅವರು ಕಲಿಸುತ್ತಿದ್ದ ರೀತಿ ನನಗೆ ಹಿಡಿಸಿತು. ಒಂದು ಅಂಗಡಿಯನ್ನು ರೊಟ್ಟಿಯಂತೆ ನೂರು ಚೂರು ಮಾಡಿದ್ದೇವೆ ಎಂದುಕೊಳ್ಳಿ. ಒಂದು ಚೀಟಿ ಕೊಂಡರೆ ಒಂದು ಚೂರಿಗೆ ನೀವು ಒಡೆಯರು. ಅಂಗಡಿ ಲಾಭ ಮಾಡಿದರೆ ಅದರಲ್ಲಿ ನಿಮಗೂ ಪಾಲು, ಮುಳುಗಿದರೆ ಅದರಲ್ಲೂ ಪಾಲು. ಎಲ್ಲ ಬೀಜವನ್ನೂ ಒಂದೇ ಹೊಲಕ್ಕೆ ಚೆಲ್ಲಬೇಡಿ. ಬೆಲೆ ಬೇರೆ, ಯೋಗ್ಯತೆ ಬೇರೆ. ಅವೆರಡೂ ಒಂದೇ ಮನೆಯ ಅಣ್ಣತಮ್ಮಂದಿರಾದರೂ ದಿನಾ ಮಾತಾಡುವುದಿಲ್ಲ. ಹೀಗೆ ಹೇಳಿಕೊಂಡು ಹೋಗುತ್ತಿದ್ದರು. ಆದರೆ ಅವರ ಆಟಕ್ಕೆ ಒಂದು ಕಟ್ಟುನಿಟ್ಟಿನ ಕ್ರಮವಿತ್ತು. ಕೊಳ್ಳುವವರಾಗಲಿ ಮಾರುವವರಾಗಲಿ ಹಿಂದಿನ ಗೋಡೆಗೆ ಕೇಳಿಸುವಂತೆ ಕೂಗಿ ಹೇಳಬೇಕು, ಜೊತೆಗೆ ಕಾರಣ ಹೇಳಬೇಕು. ಬೀಜ ಯಾರದೋ ದನಿಯೂ ಅವರದೇ ಇರಬೇಕು. "ಕಾರಣ ಇಲ್ಲದ ಖರೀದಿಗೆ ಜೂಜು ಅಂತಾರ. ಜೂಜಾಡೂರು ಹಿಂದಿನ ಬಾಗಲ್ದಾಗಿಂದ ಹೊಂಡ್ರಿ" ಎನ್ನುತ್ತಿದ್ದರು.

ಅಲ್ಲಿಗೆ ನನ್ನ ಆಟ ಮುಗಿದೇ ಹೋಯಿತು. ಪ್ರತಿ ಶನಿವಾರ ಹೋಗುತ್ತಿದ್ದೆ, ಬಳೆಗಾರರ ಮನೆಯ ರಿಹಾನಾ ಎಂಬ ಹುಡುಗಿಯ ಪಕ್ಕದಲ್ಲಿ ಕೂರುತ್ತಿದ್ದೆ, ತುಂಬಿದ ಚೀಲವನ್ನು ತುಂಬಿದಂತೆಯೇ ಮನೆಗೆ ತರುತ್ತಿದ್ದೆ. ವರ್ಗದಲ್ಲಿ ಎಲ್ಲರಿಗಿಂತ ಜೋರು ಬಾಯಿಯ ಸಂಗಮೇಶ ನನಗಿಂತ ನಾಲ್ಕು ವರ್ಷ ಚಿಕ್ಕವನು. ಕಸ್ತೂರಕ್ಕ ಬಿತ್ತನೆಗೆ ಬೀಜ ಎತ್ತಿಟ್ಟಿದ್ದಾಳೆ, ಮಳೆ ಬರಲಿ ತಾಳಿರಿ ಎಂದು ಎಲ್ಲರನ್ನೂ ನಗಿಸುತ್ತಿದ್ದ. ಮಾಸ್ತರರು ಮಾತ್ರ ನಗಲಿಲ್ಲ. ಕೊಳ್ಳದೆ ಕೂರುವುದೂ ಒಂದು ವ್ಯಾಪಾರವೇ, ಆದರೆ ವಿಚಾರ ಮಾಡಿ ಕೂರುವುದಕ್ಕೂ ಹೆದರಿ ಕೂರುವುದಕ್ಕೂ ಫರಕು ಇದೆ ಎಂದರು. ನನ್ನದು ಯಾವುದೆಂದು ನನಗೆ ಗೊತ್ತಿತ್ತು.

ಆಟ ಶುರುವಾದ ಮೇಲೆ ಪೇಟೆಯ ಏರಿಳಿತದ ಲಯವೇ ಬದಲಾಯಿತು. ಮೊದಲು ಜನ ಅಲ್ಲೊಂದು ಇಲ್ಲೊಂದು ಮಾತಾಡುತ್ತಿದ್ದರು, ಅಂಗಡಿಗಳೂ ಸೋಮಾರಿ ಎಮ್ಮೆಗಳಂತೆ ಏಳುತ್ತ ಕೂರುತ್ತ ಇದ್ದವು. ಈಗ ಕೋಣೆ ತುಂಬ ಮಕ್ಕಳು ಗಂಟಲು ಹರಿಯುವಂತೆ ಕೂಗುತ್ತಿದ್ದರು; ಭಾನುವಾರ ಬೆಳಗಾದರೆ ಬೀಗದ ಅಂಗಡಿ ಮೊಣಕಾಲುದ್ದ ಏರಿರುತ್ತಿತ್ತು, ಕನ್ನಡಕದ ಅಂಗಡಿ ಸೊಂಟದವರೆಗೆ ಇಳಿದಿರುತ್ತಿತ್ತು. ವ್ಯಾಪಾರಿಗಳು ಶನಿವಾರ ಶಾಲೆಯ ಕಿಟಕಿಯ ಹೊರಗೆ ನಿಲ್ಲತೊಡಗಿದರು. ಮಕ್ಕಳನ್ನು ಕಂಡರೆ ಈಗ ಎಲ್ಲರೂ ಬಹುವಚನದಲ್ಲಿ ಮಾತಾಡಿಸುತ್ತಿದ್ದರು.

ಎಲ್ಲಕ್ಕಿಂತ ಎತ್ತರ ಏರಿದ್ದು ಬಸಲಿಂಗಪ್ಪನ ಪೇಢೆ ಅಂಗಡಿ. ಮೊದಮೊದಲು ಅದಕ್ಕೆ ಕಾರಣವಿತ್ತು: ಅವನ ಪೇಢೆ ನಿಜಕ್ಕೂ ಚೆನ್ನಾಗಿತ್ತು. ಆಮೇಲೆ ಅದು ಏರುತ್ತಿದೆ ಎಂದು ಮಕ್ಕಳು ಕೊಂಡರು, ಮಕ್ಕಳು ಕೊಂಡರೆಂದು ಅದು ಮತ್ತೆ ಏರಿತು. ಮಾಳಿಗೆ ಬೇವಿನ ಮರದ ತಲೆ ದಾಟಿತು. ಗೌಂಡಿಗಳು ಇನ್ನು ಮೆಟ್ಟಿಲು ಕಟ್ಟಲು ಜಾಗವಿಲ್ಲ ಎಂದು ಕೈ ಮುಗಿದರು. ಬಸಲಿಂಗಪ್ಪ ಹಗ್ಗಕ್ಕೆ ಬುಟ್ಟಿ ಕಟ್ಟಿ ಪೇಢೆ ಇಳಿಬಿಡತೊಡಗಿದ. ಅದನ್ನು ನೋಡಲು ಪಕ್ಕದ ಊರುಗಳಿಂದ ಜನ ಬಂದರು, ನೋಡಿ ಹೊಗಳಿದರು, ಅಂಗಡಿ ಇನ್ನೂ ಏರಿತು. ಒಂದು ಶನಿವಾರ ಸಂಗಮೇಶ ತನ್ನ ಬೀಜವನ್ನೆಲ್ಲ ಸುರಿದು ಪೇಢೆ ಅಂಗಡಿಯ ಚೀಟಿ ಕೊಂಡ. ಕಾರಣ ಕೇಳಿದರೆ, "ಏರಾಕತ್ತೈತಲ್ರೀ ಸರ, ಅದಕ್ಕ" ಎಂದ. ಕೋಣೆಯೆಲ್ಲ ಚಪ್ಪಾಳೆ. ಮಾಸ್ತರರು ಏನೋ ಹೇಳಲು ಕೈಯೆತ್ತಿದವರು ಆ ಗದ್ದಲದಲ್ಲಿ ನಕ್ಕು ಸುಮ್ಮನಾದರು.

ನಾನು ಕೆಳಗಿನಿಂದ ಕಾಲುಗಳನ್ನು ನೋಡುತ್ತಿದ್ದವಳು. ಬುಟ್ಟಿ ಇಳಿಯುತ್ತಿದ್ದದ್ದು ನಮ್ಮ ಎದುರಿಗೇ. ಅದರ ಕೆಳಗೆ ಕಾಲುಗಳು ನಿಲ್ಲುತ್ತಿದ್ದವು, ಬೆರಳ ತುದಿಯ ಮೇಲೆ ಏಳುತ್ತಿದ್ದವು, ಮತ್ತೆ ಹಿಮ್ಮಡಿ ಊರಿ ಮುಂದೆ ಹೋಗುತ್ತಿದ್ದವು. ದಿನಾ ಸಂಜೆ ಪೇಢೆ ಒಯ್ಯುತ್ತಿದ್ದ ಮುದುಕರ ಕೋಲುಗಳು ಈಗ ಆ ಕಡೆ ತಿರುಗುತ್ತಲೇ ಇರಲಿಲ್ಲ. ಬುಟ್ಟಿ ತುಂಬಿ ಇಳಿದು ತುಂಬಿಯೇ ಏರುತ್ತಿತ್ತು. ಇದನ್ನು ನಾನು ರಿಹಾನಾಳ ಕಿವಿಯಲ್ಲಿ ಹೇಳಿದೆ. ಅವಳ ಬಳಿ ಪೇಢೆ ಅಂಗಡಿಯ ಚೀಟಿಗಳಿದ್ದವು. ಅವಳು ಎರಡು ದಿನ ಸಂಜೆ ನಮ್ಮ ಅಂಗಡಿಗೆ ಇಳಿದು ನನ್ನ ಪಕ್ಕ ಕೂತು ತಾನೂ ನೋಡಿದಳು. ಮುಂದಿನ ಶನಿವಾರ ಎದ್ದು ನಿಂತು, ನಮ್ಮ ಅಜ್ಜಿಗೆ ಆ ಅಂಗಡಿ ಹತ್ತಲು ಆಗುವುದಿಲ್ಲ, ಯಾರ ಅಜ್ಜಿಗೂ ಆಗುವುದಿಲ್ಲ, ಬುಟ್ಟಿಯನ್ನು ನೋಡುವವರಿದ್ದಾರೆ ಹೊರತು ಪೇಢೆ ತಿನ್ನುವವರಿಲ್ಲ, ಆದ್ದರಿಂದ ಮಾರುತ್ತೇನೆ ಎಂದಳು. ಆಮೇಲೆ ಎಲ್ಲರೂ ಒಟ್ಟಿಗೆ ಮಾರಲು ಎದ್ದರು. ಕೊಳ್ಳುವವರು ಒಬ್ಬರೂ ಇರಲಿಲ್ಲ.

ಭಾನುವಾರ ಪೇಢೆ ಅಂಗಡಿ ರಸ್ತೆಗೆ ಬಂದು ಕೂತಿತ್ತು. ಬಸಲಿಂಗಪ್ಪ ಒಂದು ಕ್ಷಣ ಗಾಬರಿಯಾದ, ಆದರೆ ಸಂಜೆಯೊಳಗೆ ಮುದುಕರ ಕೋಲುಗಳೆಲ್ಲ ಅವನ ಅಂಗಡಿಯ ಮುಂದೆ ಸಾಲುಗಟ್ಟಿದ್ದವು, ಅವನಿಗೆ ನಷ್ಟವಾಗಲಿಲ್ಲ. ನಷ್ಟವಾದದ್ದು ಮಕ್ಕಳಿಗೆ. ಮಾಸ್ತರರು ಹಲಗೆಯ ಮುಂದೆ ನಿಂತು, ಆ ಶನಿವಾರ ತಾನು ತಡೆಯಬೇಕಿತ್ತು, ಏರುತ್ತಿದೆ ಎಂಬುದು ಕಾರಣವಲ್ಲ, ತಪ್ಪು ತನ್ನದು ಎಂದು ನೇರವಾಗಿ ಒಪ್ಪಿಕೊಂಡರು. ಆದರೆ ಹೆದರಿದ ಮಕ್ಕಳ ಕಿವಿಗೆ ಅದು ಬೀಳಲಿಲ್ಲ. ಅವರಿಗೆ ಈಗ ಇಳಿಯುವುದೆಂದರೆ ಸಾಕು, ಅದನ್ನು ಮುಟ್ಟಬಾರದು. ಊರಿನಲ್ಲಿ ಎಲ್ಲಕ್ಕಿಂತ ಹೆಚ್ಚು ಇಳಿದ ಅಂಗಡಿ ಯಾವುದು ಎಂದು ನೋಡಿದರೆ ನಮ್ಮದೇ. ಸಂಗಮೇಶನ ಬಳಿ ಹಿಂದೆ ಯಾವಾಗಲೋ ಅಗ್ಗಕ್ಕೆ ಸಿಕ್ಕ ಕೌದಿ ಅಂಗಡಿಯ ಚೀಟಿಗಳಿದ್ದವು. ಅವನು ಎದ್ದು, "ಆ ಅಂಗಡಿಗೆ ಒಂದ್ ನರಪಿಳ್ಳಿ ಇಳದದ್ದು ನಾ ನೋಡಿಲ್ಲ. ಬಂದಷ್ಟಕ್ಕ ಮಾರ್ತೀನಿ" ಎಂದ. ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ನಾನು ಅಲ್ಲೇ ಕೂತಿದ್ದೆ. ಚೀಲದ ಬಾಯಿ ಕಟ್ಟಿಕೊಂಡು ಮನೆಗೆ ಬಂದೆ.

ಮರುದಿನ ನಮ್ಮ ಬಾಗಿಲಲ್ಲಿ ಬೆಳಕು ಎರಡು ಗೇಣಾಗಿತ್ತು. ಮುಂದಿನ ವಾರ ಒಂದು ಗೇಣು. ಪಂಚರು ಬಂದು ಕುಕ್ಕರಗಾಲಲ್ಲಿ ಕೂತು ಬಗ್ಗಿ ನೋಡಿ, ಈ ಶನಿವಾರ ದಾಟಿದರೆ ಚಪ್ಪಡಿ ಹಾಕಲೇಬೇಕು ಗುರುಬಸವ್ವ, ಸಾಮಾನು ಹೊರಗೆ ತಗಿ ಎಂದರು. ಚಿಗವ್ವ ಕನ್ನಡಕದ ಮೇಲಿಂದ ಅವರ ಮೂಗುಗಳನ್ನು ಒಮ್ಮೆ ನೋಡಿದಳು. "ಕೈಯಾಗಿಂದು ಮುಗಿಲಿ" ಎಂದು ಮತ್ತೆ ಸೂಜಿ ಹಿಡಿದಳು. ಹಾಕಿದ ಹೊಲಿಗೆಯನ್ನೇ ಅವಳು ಬಿಚ್ಚಿ ಮತ್ತೆ ಹಾಕುತ್ತಿದ್ದದ್ದನ್ನು ಕಂಡವಳು ನಾನೊಬ್ಬಳೇ. ಈ ಅಂಗಡಿ ಹೋದರೆ ನಮಗೆ ಬೇರೆ ಸೂರು ಇರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಕೌದಿಯವಳು ಎಂಬುದು ಬಿಟ್ಟರೆ ಊರಲ್ಲಿ ಅವಳಿಗೆ ಬೇರೆ ಹೆಸರು ಇರಲಿಲ್ಲ.

ಆ ಶನಿವಾರ ಆಟದ ಕಡೆಯ ದಿನ. ತಂದೆತಾಯಿಗಳೂ ನೋಡಲಿ ಎಂದು ಮಾಸ್ತರರು ಹಲಗೆಯನ್ನು ಹೊರಿಸಿ ಪೇಟೆಯ ನಡುವೆಯೇ ತಂದು ನಿಲ್ಲಿಸುವ ಏರ್ಪಾಡು ಮಾಡಿದ್ದರು. ಚಿಗವ್ವನನ್ನು ಹೊಲಿಗೆಯ ಮುಂದೆ ಬಿಟ್ಟು ನಾನು ಬೆಳಿಗ್ಗೆಯೇ ಏಣಿ ಹತ್ತಿ, ಉಳಿದ ಸಂದಿಯಲ್ಲಿ ನುಸುಳಿ ಹೊರಗೆ ಬಂದೆ. ಎಲ್ಲಿಗೆಂದು ಗೊತ್ತಿರಲಿಲ್ಲ. ಸುಮ್ಮನೆ ಓಣಿ ಓಣಿ ತಿರುಗಿದೆ. ಬಿಸಿಲು ಬಿದ್ದ ಗೋಡೆಗಳ ಮೇಲೆಲ್ಲ ಜನ ಹಾಸಿಗೆ ಹೊದಿಕೆ ಒಣಗಹಾಕಿದ್ದರು. ಒಂದು ಗೋಡೆಯ ಮುಂದೆ ನಿಂತೆ, ಮುಂದಿನ ಗೋಡೆಗೆ ಹೋದೆ, ಅಲ್ಲಿಂದ ಇನ್ನೊಂದು ಓಣಿಗೆ. ತಿರುಗಿ ಬರುವಾಗ ನನ್ನ ಕಾಲುಗಳು ಓಡುತ್ತಿದ್ದವು.

ಪೇಟೆಯಲ್ಲಿ ಜಾತ್ರೆಯಷ್ಟು ಮಂದಿ. ನಮ್ಮ ಬಾಗಿಲ ಪಕ್ಕದಲ್ಲಿ ಚಪ್ಪಡಿ ಹೊತ್ತು ತಂದವರು ಬೀಡಿ ಸೇದುತ್ತ ಆಟ ಮುಗಿಯಲಿ ಎಂದು ಕಾಯುತ್ತಿದ್ದರು. ಬಾಗಿಲಲ್ಲಿ ಉಳಿದಿದ್ದ ಸಂದಿ ಒಂದು ಮೊರ ತೂರುವಷ್ಟು. ಮಾಸ್ತರರು ಹಲಗೆಯ ಮೇಲೆ ಕೌದಿ ಅಂಗಡಿಯ ಎದುರಿಗೆ ಒಂದು ಬೀಜ ಎಂದು ಬರೆದು, ಕೊಳ್ಳುವವರಿದ್ದಾರೆಯೇ ಎಂದು ಕೇಳಿದರು. ಯಾರೂ ಮಾತಾಡಲಿಲ್ಲ. ಎರಡನೇ ಸಲ ಕೇಳಿದರು.

ನಾನು ಎದ್ದು ನಿಂತೆ. ಕೊಳ್ಳುತ್ತೇನೆ ಎಂದೆ, ನನಗೇ ಕೇಳಿಸಲಿಲ್ಲ. "ಹಿಂದಿನ ಗ್ವಾಡಿಗೆ ಕೇಳಸಬೇಕವ್ವಾ" ಎಂದರು ಮಾಸ್ತರರು ಮೆಲ್ಲಗೆ. ಇಲ್ಲಿ ಹಿಂದಿನ ಗೋಡೆ ಎಂದರೆ ಅಷ್ಟು ಮಂದಿಯನ್ನೂ ದಾಟಿ ರಸ್ತೆಯ ಆಚೆ ಬದಿ. ಅಷ್ಟೊಂದು ಮುಖಗಳನ್ನು ಒಟ್ಟಿಗೆ ಕಂಡು ತಲೆ ತಗ್ಗಿಸಿದೆ. ತಗ್ಗಿಸಿದಾಗ ಕಾಲುಗಳು ಕಂಡವು. ಒಡೆದ ಹಿಮ್ಮಡಿ, ಕಿರ್‌ಗುಡುವ ಚಪ್ಪಲಿ, ಕಾಲುಂಗುರ ಸಡಿಲಾದ ಬೆರಳು. ಇವರೆಲ್ಲ ನನಗೆ ಹಳೆಯ ಪರಿಚಯದವರು. ನಾನು ಮೊದಲು ಕಾಲುಗಳಿಗೆ ಮಾತಾಡಿದೆ.

"ಕೌದಿ ಅಂಗಡಿ ಕೊಳ್ತೀನಿ. ಕಾರಣ ಹೇಳ್ತೀನಿ, ಕೇಳ್ರಿ. ಸಂಗಮೇಶಪ್ಪ ಅಂದದ್ದು ಖರೇ ಐತಿ, ನಮ್ಮ ಅಂಗಡಿಗೆ ಯಾರೂ ಬರೂದಿಲ್ಲ. ಯಾಕ ಬರ್ಬೇಕು? ನಮ್ಮ ಚಿಗವ್ವ ಹೊಲದದ್ದು ಹರೀಬೇಕಲ್ಲ ಬರಾಕ. ನಿನ್ನಿ ರಾತ್ರಿ ಆಕಿ ಕೌದಿ ಹೊತಗೊಂಡು ಯಾರ್ಯಾರು ಮಲಗೀರಿ, ಕೈ ಎತ್ರಿ."

ತಲೆ ಎತ್ತಿ ನೋಡಿದೆ. ಕೈಗಳು. ತಾಯಂದಿರದು, ಮಕ್ಕಳದು, ಪಂಚರದು. ಚಪ್ಪಡಿ ಹೊತ್ತವರಲ್ಲಿ ಇಬ್ಬರು ಬೀಡಿ ಹಿಡಿದ ಕೈಯನ್ನೇ ಎತ್ತಿದ್ದರು.

"ಇದು ಹಿಂದಿಂದಾತು. ಹಿಂದಿಂದಕ್ಕ ಯಾರೂ ಬೀಜ ಕೊಡೂದಿಲ್ಲ ಅಂತ ಮಾಸ್ತರು ಕಲಿಸ್ಯಾರ. ಮುಂದಿಂದ ಹೇಳ್ತೀನಿ. ಕೌದಿ ನಡುವ ಹರಿಯೂದಿಲ್ಲ, ಅಂಚಿನ್ಯಾಗ ಹರೀತೈತಿ. ಇವತ್ತ ಮುಂಜಾನಿಂದ ಊರಾಗಿನ ಗ್ವಾಡಿ ಎಲ್ಲಾ ನೋಡ್ಕೊಂತ ಬಂದೀನಿ. ಅಂಚು ನೆಟ್ಟಗಿದ್ದ ಕೌದಿ ಒಂದೂ ಸಿಗಲಿಲ್ಲ. ನಾಳಿಂದ ನಾವು ಅಂಚು ಕಟ್ತೀವಿ. ಹೊಸಾ ಕೌದಿ ಬ್ಯಾಡ, ಇದ್ದದ್ದ ತರ್ರಿ. ಇಳದ್ ಬರಾಕ ಆಗದವರ ಮನೀಗೆ ನಾನ ಬರ್ತೀನಿ."

ಅಂಚು ಕಟ್ಟುವ ವಿಚಾರ ಚಿಗವ್ವನಿಗೆ ಗೊತ್ತಿರಲಿಲ್ಲ. ಬಾಯಿಂದ ಬರುವವರೆಗೆ ನನಗೂ ಪೂರ್ತಿ ಗೊತ್ತಿರಲಿಲ್ಲ ಎನ್ನಬೇಕು. ಆದರೆ ನನ್ನ ದನಿ ಆಚೆ ಬದಿಯ ಗೋಡೆಗೆ ಬಡಿದು ನನಗೇ ವಾಪಸು ಕೇಳಿಸಿತ್ತು. ಅದು ಚಿಗವ್ವನ ದನಿಯಂತೆ ಸ್ವಲ್ಪ ಒರಟಾಗಿತ್ತು. ನನಗೆ ಇಷ್ಟವಾಯಿತು.

ಎಷ್ಟು ಬೀಜಕ್ಕೆ ಎಂದು ಮಾಸ್ತರರು ಕೇಳಿದರು. ಅರ್ಧ ಚೀಲ ಎಂದೆ. ಮಂದಿಯಲ್ಲಿ ಯಾರೋ ನಕ್ಕರು. ಉಳಿದರ್ಧ ಯಾಕೆ ಹಿಡಿದೆ, ಚಿಗವ್ವನ ಮೇಲೆ ನಂಬಿಕೆ ಇಲ್ಲವೇ ಎಂದು ಸಂಗಮೇಶ ಕೆಣಕಿದ. "ನಂಬಿಕಿ ಐತಿ. ಆದ್ರ ಎಲ್ಲಾ ಬೀಜ ಒಂದ ಹೊಲಕ್ಕ ಚೆಲ್ಲಿದವರದು ಏನಾತು ಅನ್ನೂದು ನಿನಗ ಗೊತ್ತಲ್ಲೋ ತಮ್ಮಾ" ಎಂದೆ. ಈಗ ನಗು ಪೇಟೆಯ ಎರಡೂ ತುದಿ ಮುಟ್ಟಿತು. ಸಂಗಮೇಶನೂ ನಕ್ಕ, ಕಿವಿ ಕೆಂಪಾಗಿದ್ದವು.

ಆಮೇಲೆ ರಿಹಾನಾ ಎದ್ದಳು. ಬಾಣಂತನಕ್ಕೆ ಬರುವ ಅಕ್ಕನಿಗೆ ಕೌದಿ ಬೇಕು, ಕೊಳ್ಳುತ್ತೇನೆ ಎಂದಳು. ಅವಳ ಹಿಂದೆ ಇನ್ನೊಬ್ಬ, ಅವನ ಹಿಂದೆ ಮತ್ತಿಬ್ಬರು. ಏರುತ್ತಿದೆ ಎಂದು ಕೊಳ್ಳಲು ಬಂದ ಒಬ್ಬನನ್ನು ಮಾಸ್ತರರು ಈ ಸಲ ಅಲ್ಲೇ ತಡೆದು ಕೂರಿಸಿದರು. ಅವನು ತಲೆ ಕೆರೆದು ಯೋಚಿಸಿ, ತನ್ನ ಅಜ್ಜನ ಕೌದಿಯ ಅಂಚನ್ನು ಇಲಿ ತಿಂದಿದೆ ಎಂಬ ಕಾರಣ ತಂದ. ಕಡೆಗೆ ಸಂಗಮೇಶ. "ನಮ್ಮನ್ಯಾಗ ಏಳು ಕೌದಿ ಅದಾವ. ಏಳಕ್ಕೂ ಅಂಚಿಲ್ಲ" ಎಂದು, ಪೇಢೆಯ ಚೀಟಿ ಮಾರಿ ಉಳಿದಿದ್ದ ಬೀಜ ತೆಗೆದು, ತಾನು ಮಾರಿದ್ದ ಚೀಟಿಗಳನ್ನು ಮಾರಿದ ಬೆಲೆಯ ಐದು ಪಟ್ಟು ಕೊಟ್ಟು ವಾಪಸು ಕೊಂಡ. ಕೊಡುವಾಗ ಒಂದೊಂದು ಬೀಜವನ್ನೂ ನೋಡಿ ನಿಟ್ಟುಸಿರು ಬಿಟ್ಟ.

ಆಗ ಕಾಲಡಿ ನೆಲ ಗುಡುಗಿತು. ಅಂಗಡಿ ಏಳುವುದು ಯಾವಾಗಲೂ ಎಲ್ಲರೂ ಮಲಗಿದ ಮೇಲೆ; ಎದ್ದದ್ದನ್ನು ಎಲ್ಲರೂ ನೋಡಿದ್ದಾರೆ, ಏಳುವುದನ್ನು ಯಾರೂ ನೋಡಿರಲಿಲ್ಲ. ಬೀಡಿಯವರು ಚಪ್ಪಡಿ ಬಿಟ್ಟು ಹಾರಿ ನಿಂತರು. ಬಾಗಿಲಿನ ಸಂದಿ ಗೇಣಾಯಿತು, ಮೊಳವಾಯಿತು. ಮಣ್ಣು ಉದುರಿಸುತ್ತ, ಬೇರು ಹರಿಯುತ್ತ, ನಮ್ಮ ಅಂಗಡಿ ಹಗಲು ಬೆಳಕಿಗೆ ಎದ್ದು ಬಂತು. ಮೊದಲು ಚಿಗವ್ವನ ಸೆರಗು ಹೊದ್ದ ತಲೆ ಕಂಡಿತು, ಆಮೇಲೆ ಕನ್ನಡಕ, ಆಮೇಲೆ ಸೂಜಿ ಹಿಡಿದ ಕೈ, ಮಡಿಲಲ್ಲಿ ಹರಡಿದ ಕೆಂಪು ನೀಲಿ ಚೂರುಗಳು, ಕೊನೆಗೆ ನಾನು ಎಂದೂ ಹೊರಗಿನಿಂದ ಕಂಡಿರದ ನಮ್ಮ ಹೊಸ್ತಿಲು. ಅದು ಸಂಗಮೇಶನ ಎದೆಮಟ್ಟಕ್ಕೆ ಬಂದು ನಿಂತಿತು. ಪಂಚರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಚಪ್ಪಡಿ ಎತ್ತಿಸಿದರು.

ಚಿಗವ್ವ ಹೊಲಿಗೆ ನಿಲ್ಲಿಸಿ ಬಿಸಿಲಿಗೆ ಕಣ್ಣು ಕಿರಿದು ಮಾಡಿ ಕೇಳಿದಳು: "ಯಾರವ್ವಾ ಅದು, ಅಷ್ಟ್ ದೊಡ್ಡ ಬಾಯಿ ಮಾಡಿದಾಕಿ?"

"ನಾನ, ಚಿಗವ್ವ."

ಅವಳು ಸೂಜಿಯನ್ನು ಸೆರಗಿಗೆ ಚುಚ್ಚಿ ಇಟ್ಟಳು. ಅಷ್ಟರಲ್ಲಿ ಮೊದಲ ಹಳೆಯ ಕೌದಿ ಯಾರದೋ ತಲೆಯ ಮೇಲೇರಿ ಬಂದು ಹೊಸ್ತಿಲ ಮೇಲೆ ಧೊಪ್ಪನೆ ಬಿತ್ತು. ಅದರ ಹಿಂದೆ ಇನ್ನೆರಡು. ಚಿಗವ್ವ ಒಂದರ ಹರಿದ ಅಂಚನ್ನು ಬೆರಳಲ್ಲಿ ಸವರಿ ನೋಡಿದಳು. "ಊರಿಗೆಲ್ಲಾ ಅಂಚು ಕಟ್ತೀವಿ ಅಂತ ಒದರೂ ಮುಂದ, ಮನ್ಯಾಗ ದಾರ ಐತೋ ಇಲ್ಲೋ ನೋಡಬೇಕಿತ್ತಿಲ್ಲ?" ಎಂದಳು. ಗದರಿದಂತಿತ್ತು, ಆದರೆ ಕನ್ನಡಕ ತೆಗೆದು ಸೆರಗಿನಿಂದ ಒರೆಸುತ್ತಿದ್ದಳು.

ದಾರದ ಅಂಗಡಿ ಇರುವುದು ಪೇಟೆಯ ಆ ಕೊನೆಗೆ, ಹೋಗಿ ಬರಲು ಹೊತ್ತು ಹಿಡಿಯುತ್ತದೆ. ನಾನು ಹೊಸ್ತಿಲು ಹತ್ತಿ ನಿಂತು, ಕರಿ ದಾರ, ಕೆಂಪು ದಾರ, ಎರಡೂ ಕಳಿಸಿರಿ ಎಂದು ಅಲ್ಲಿಂದಲೇ ಕೂಗಿದೆ.